ಮಾತಿಲ್ಲದ ಅಭಿನಯ: ನಟಿ ಲಿಲಿಯನ್ ಗಿಶ್ಶಳ ಜೀವನ

ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಅಭಿನಯವನ್ನು ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕ ಎಂದು ನಾಲ್ಕು ವಿಧವಾಗಿ ವಿಭಾಗಿಸಿರುವುದು ವಾಚಕರಲ್ಲಿ ಅನೇಕರಿಗೆ ತಿಳಿದೇ ಇದೆ. ಅಂಗಾಂಗಗಳ ಚಲನೆಯಿಂದ ಆಗುವುದು ಆಂಗಿಕ. ಮಾತಿನಿಂದ ಆಗುವುದು ವಾಚಿಕ. ವೇಷಭೂಷಣಗಳಿಂದ ಆಗುವುದು ಆಹಾರ್ಯ. ಅಂತರಂಗದ ಭಾವವು ಕಂಬನಿ, ನಡುಕ, ಮುಖದ ಬಣ್ಣಗೇಡು ಮೊದಲಾದ ರೂಪದಲ್ಲಿ ತಾನಾಗಿ ಹೊರಸೂಸುವುದು ಸಾತ್ತ್ವಿಕ. ಇವುಗಳಲ್ಲಿ ವಾಚಿಕವನ್ನು ಪೂರ್ತಿಯಾಗಿ ಕಿತ್ತುಕೊಂಡು, ಉಳಿದ ಮೂರರಿಂದಲೇ ಲೋಕವನ್ನು ನಗಿಸಬೇಕು, ಅಳಿಸಬೇಕು ಎಂದು ನಟನಿಗೆ ವಿಧಿಸಿದರೆ ಅವನ ಪಾಡೇನಾದೀತು? ಚಲಚ್ಚಿತ್ರವು ಹುಟ್ಟಿದ ಮೇಲೆ ಸುಮಾರು ಮೂವತ್ತು ವರ್ಷಗಳ ಕಾಲ ತೆರೆಯ ಮೇಲೆ ಬಂದ ನಟನಟಿಯರೆಲ್ಲರೂ ಈ ಕಠಿಣ ಪರೀಕ್ಷೆಗೆ ಒಳಗಾಗಿದ್ದರು. ಆ ಕಾಲದ ಚಿತ್ರಗಳನ್ನೇ ನಾವು ಮೂಕಚಿತ್ರಗಳೆಂದು ಕರೆಯುತ್ತೇವೆ.

ಆ ಪರೀಕ್ಷೆಯಲ್ಲಿ ತೇರ್ಗಡೆಯಾದವರ ಪೈಕಿ ಅಗ್ರಗಣ್ಯಳು ಅಮೆರಿಕಾ ದೇಶದ ಲಿಲಿಯನ್ ಗಿಶ್. ೧೯೧೨ರಲ್ಲಿ ತೆರೆಯ ಮೇಲೆ ಮೊದಲು ಕಾಣಿಸಿಕೊಂಡ ಈಕೆಯ ಕಡೆಯ ಚಿತ್ರವು ಹೊರಬಂದದ್ದು ೧೯೮೭ರಲ್ಲಿ. ಆದರೆ ಎಪ್ಪತ್ತೈದು ವರ್ಷಗಳ ಈ ದೀರ್ಘ ಕಲಾಜೀವನದ ಬೆರಗಿಗಾಗಿ ಮಾತ್ರವೇ ನಾವು ಈ ಲೇಖನವನ್ನು ಬರೆಯಹೊರಟಿಲ್ಲ. ಬಾಲ್ಯದಿಂದ ಮುಪ್ಪಿನವರೆಗೆ ಈಕೆಯನ್ನು ನಡೆಸಿದ್ದು ನಿಷ್ಠೆಯೆಂಬ ಒಂದೇ ಗುಣ: ತಾಯಿ ತಂಗಿಯರಲ್ಲಿ ನಿಷ್ಠೆ, ಕೈಗೊಂಡ ಕೆಲಸದಲ್ಲಿ ನಿಷ್ಠೆ, ಗುರುವಿನಲ್ಲಿ ನಿಷ್ಠೆ. ಆ ಗುಣವೇ ಈಕೆಯನ್ನು ಎತ್ತರಕ್ಕೇರಿಸಿತು. ಅದೇ ಗುಣವು ಒಂದು ಕಡೆಯಲ್ಲಿ ಈಕೆಯ ಕಣ್ಣಿಗೆ ಪೊರೆಯನ್ನೂ ತಂದಿತು. ಎರಡನ್ನೂ ಹೇಳಿದರೆ ಮಾತ್ರ ಕಥೆಯು ಪೂರ್ಣವಾದೀತು.

ಲಿಲಿಯನ್ನಳು ಹುಟ್ಟಿದುದು ೧೮೯೩ನೆಯ ಇಸವಿ ಅಕ್ಟೋಬರ್ ೧೪ರಂದು, ಓಹಾಯೋ ಪ್ರಾಂತದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ. ಸುಮಾರು ನಾಲ್ಕೂವರೆ ವರ್ಷಗಳ ತರುವಾಯ ತಂಗಿ ಡಾರೊತಿಯು ಹುಟ್ಟಿದಳು. ತಂದೆ ಜೇಮ್ಸ್ ಗಿಶ್ ಕುಡಿತಕ್ಕೆ ಬಿದ್ದವನು. ಯಾವ ಕಸುಬಿನಲ್ಲಿಯೂ ನೆಲೆನಿಲ್ಲದೆ ಕಡೆಗೆ ಸಂಸಾರವನ್ನೇ ಕೈಬಿಟ್ಟು ಹೋದನು. ಎರಡು ಹೆಣ್ಣುಮಕ್ಕಳೊಡನೆ ಉಳಿದ ತಾಯಿ ಮೇರಿಯು ಹೊಟ್ಟೆಯ ಪಾಡಿಗಾಗಿ ನಾಟಕದ ಕಂಪೆನಿಯನ್ನು ಸೇರಬೇಕಾಯಿತು. ನಾಟಕದವರೆಂದರೆ ಮರ್ಯಾದಸ್ಥರು ಮೂಗು ಮುರಿಯುತ್ತಿದ್ದ ಕಾಲವದು. ಆ ವಿಷಯದಲ್ಲಿ ಅವರ ನಾಡಿಗೂ ನಮ್ಮ ನಾಡಿಗೂ ಹೆಚ್ಚಿನ ಭೇದವಿರಲಿಲ್ಲ.

ತಾಯಿಯ ಹಿಂದೆ ಮಕ್ಕಳೂ ರಂಗವನ್ನೇರಿದರು. ೧೯೦೨ರಲ್ಲಿ, ಇನ್ನೂ ಒಂಬತ್ತು ವರ್ಷವೂ ಸರಿಯಾಗಿ ತುಂಬದಿದ್ದ ಲಿಲಿಯನ್ನಳು, ಓಹಾಯೋದ ರೈಸಿಂಗ್‌ಸನ್ ಎಂಬ ಸಣ್ಣ ಊರಿನಲ್ಲಿ ಮೊದಲ ಬಾರಿಗೆ ಬಣ್ಣ ಹಚ್ಚಿದಳು. ಅಲ್ಲಿಂದ ಮುಂದೆ ಊರಿಂದೂರಿಗೆ ಅಲೆದಾಟ. ಒಂದೊಂದು ವೇಳೆ ತಾಯಿಯೂ ಮಕ್ಕಳೂ ಬೇರೆ ಬೇರೆ ಕಂಪೆನಿಗಳಲ್ಲಿ ಸಿಕ್ಕಿಕೊಂಡು ತಿಂಗಳುಗಟ್ಟಲೆ ಒಬ್ಬರ ಮುಖವನ್ನೊಬ್ಬರು ನೋಡುತ್ತಿರಲಿಲ್ಲ. ರಾತ್ರಿಯ ಆಟ ಮುಗಿದ ಮೇಲೆ ರೈಲ್ವೆ ನಿಲ್ದಾಣದ ಬೆಂಚಿನ ಮೇಲೆಯೇ ನಿದ್ರೆ. ಮಕ್ಕಳನ್ನು ರಂಗದ ಮೇಲೆ ದುಡಿಸುವುದನ್ನು ತಡೆಯುವ ಸಂಘದವರು ಬಂದರೆ, ದೊಡ್ಡವಳಂತೆ ಕಾಣುವ ಉಡುಪನ್ನು ತೊಟ್ಟು ಪಾರಾಗಬೇಕಾಗಿತ್ತು. ಹೀಗಾಗಿ ಕ್ರಮವಾದ ವಿದ್ಯಾಭ್ಯಾಸವು ನಡೆಯಲಿಲ್ಲ. ಸಿಕ್ಕಿದ ಪುಸ್ತಕವನ್ನು ಸಿಕ್ಕಿದಲ್ಲಿ ಓದಿ ಲಿಲಿಯನ್ನಳು ತನಗೆ ತಾನೇ ಉಪಾಧ್ಯಾಯಳಾದಳು. ತಾಯಿಯ ಕಷ್ಟವನ್ನು ಎಳವೆಯಲ್ಲಿಯೇ ಕಂಡ ಆಕೆಗೆ, ದುಡಿಮೆಯೆಂದರೆ ಆಡಂಬರವಲ್ಲ, ಮೂವರ ಅನ್ನವೆಂಬುದು ಚೆನ್ನಾಗಿ ಮನಗಂಡಿತ್ತು.

ಆ ಅಲೆದಾಟದ ದಿನಗಳಲ್ಲಿ ಇವರಿಗೆ ಸ್ಮಿತ್ ಎಂಬ ಇನ್ನೊಂದು ಬಡ ಸಂಸಾರದ ಸ್ನೇಹವಾಯಿತು. ಅಲ್ಲಿಯೂ ತಂದೆಯಿಲ್ಲ, ತಾಯಿ, ಮೂವರು ಮಕ್ಕಳು, ಎಲ್ಲರೂ ನಾಟಕದವರೇ. ಎರಡು ಸಂಸಾರಗಳೂ ನ್ಯೂಯಾರ್ಕಿನಲ್ಲಿ ಒಂದೇ ಬಾಡಿಗೆ ಮನೆಯಲ್ಲಿದ್ದು ಖರ್ಚನ್ನು ಹಂಚಿಕೊಂಡಿದ್ದುಂಟು. ಆ ಮಕ್ಕಳಲ್ಲಿ ಹಿರಿಯಳಾದ ಗ್ಲಾಡಿಸ್ ಎಂಬಾಕೆಯು ಕೆಲವು ವರ್ಷಗಳಾದ ಮೇಲೆ ಚಲಚ್ಚಿತ್ರವೊಂದರಲ್ಲಿ ಕಾಣಿಸಿಕೊಂಡದ್ದನ್ನು ಗಿಶ್ ಸೋದರಿಯರು ಆಕಸ್ಮಿಕವಾಗಿ ನೋಡಿದರು. ಗೆಳತಿಯನ್ನು ಹುಡುಕಿಕೊಂಡು ೧೯೧೨ರಲ್ಲಿ ನ್ಯೂಯಾರ್ಕಿನ ಹದಿನಾಲ್ಕನೆಯ ಬೀದಿಯಲ್ಲಿದ್ದ ಬಯೋಗ್ರಾಫ್ ಸಂಸ್ಥೆಯ ಸ್ಟುಡಿಯೋಗೆ ಹೋದರು. ಗ್ಲಾಡಿಸ್ ಆಗಲೇ ಹೆಸರು ಬದಲಾಯಿಸಿಕೊಂಡಿದ್ದಳು. ಆಕೆಯೇ ಮುಂದೆ ಲೋಕವಿಖ್ಯಾತಳಾದ ಮೇರಿ ಪಿಕ್‌ಫರ್ಡ್.

ಮೇರಿಯು ಇವರಿಬ್ಬರನ್ನೂ ಸಂಸ್ಥೆಯ ನಿರ್ದೇಶಕನಾದ ಡೇವಿಡ್ ವಾರ್ಕ್ ಗ್ರಿಫಿತನಿಗೆ ಪರಿಚಯಿಸಿದಳು. ಆತನು ಸೋದರಿಯರನ್ನು ಗುರುತಿಟ್ಟುಕೊಳ್ಳಲಾರದೆ ಒಬ್ಬಳ ಕೂದಲಿಗೆ ನೀಲಿ, ಇನ್ನೊಬ್ಬಳ ಕೂದಲಿಗೆ ಕೆಂಪು ಪಟ್ಟಿಯನ್ನು ಕಟ್ಟಿಸಿ, ಬಣ್ಣದ ಹೆಸರಿನಿಂದಲೇ ಕೂಗಿ ಅಭಿನಯವನ್ನು ಹೇಳಿಕೊಟ್ಟನಂತೆ. ಭಯವನ್ನು ಅಭಿನಯಿಸಬೇಕಾಗಿ ಬಂದಾಗ ಹುಡುಗಿಯರು ಹಿಂಜರಿದರು. ಗ್ರಿಫಿತನು ಕೂಡಲೇ ಪಿಸ್ತೂಲನ್ನು ತೆಗೆದು ಸೂರಿನ ಕಡೆಗೆ ಹಾರಿಸುತ್ತ ಅವರನ್ನು ಕೋಣೆಯ ಸುತ್ತಲೂ ಅಟ್ಟಿದನು! ಆ ಭೀತಿಯು ಅಭಿನಯವಾಗಿರಲಿಲ್ಲವೆಂಬುದನ್ನು ಹೇಳಬೇಕಾಗಿಲ್ಲ. ಹೀಗೆ ಸಿದ್ಧವಾದದ್ದು ‘ಆ್ಯನ್ ಅನ್‌ಸೀನ್ ಎನಿಮಿ’ ಎಂಬ ಚಿಕ್ಕ ಚಿತ್ರ. ಕಾಣದ ಶತ್ರುವೆಂದು ಅದರ ಅರ್ಥ. ಇಬ್ಬರು ಸೋದರಿಯರ ಚಲಚ್ಚಿತ್ರ ಜೀವನವೂ ಅಲ್ಲಿಂದ ಮೊದಲಾಯಿತು.

ಆಗ ನಮ್ಮ ದೇಶದಲ್ಲಿ ಸ್ಥಿತಿ ಹೇಗಿತ್ತೆಂಬುದನ್ನು ಇಲ್ಲಿ ನೆನೆಯಬಹುದು. ೧೯೧೩ರಲ್ಲಿ ದಾದಾಸಾಹೇಬ ಫಾಲ್ಕೆಯವರು ‘ರಾಜಾ ಹರಿಶ್ಚಂದ್ರ’ ಮೂಕಚಿತ್ರವನ್ನು ತೆಗೆದಾಗ ತಾರಾಮತಿಯ ಪಾತ್ರಕ್ಕೆ ಒಬ್ಬ ಸ್ತ್ರೀಯೂ ದೊರೆಯಲಿಲ್ಲ. ಅಣ್ಣಾ ಸಾಳುಂಕೆ ಎಂಬ ಪುರುಷನೇ ಸೀರೆಯುಟ್ಟು ಹರಿಶ್ಚಂದ್ರನ ರಾಣಿಯಾಗಬೇಕಾಯಿತು. ಅಮೆರಿಕಾದಲ್ಲಿ ಸ್ತ್ರೀಯರು ದೊರೆಯುತ್ತಿದ್ದರೇನೋ ನಿಜ. ಆದರೆ ಅಲ್ಲಿಯೂ ನಾಟಕದವರು ಸಿನಿಮಾವನ್ನು ತಮಗಿಂತ ಕೀಳೆಂದೇ ಎಣಿಸುತ್ತಿದ್ದರು. ಬಯೋಗ್ರಾಫ್ ಸಂಸ್ಥೆಯವರು ಮೊದಮೊದಲು ನಟರ ಹೆಸರನ್ನು ಪ್ರಕಟಿಸುತ್ತಲೇ ಇರಲಿಲ್ಲ.

ಗ್ರಿಫಿತನು ಸಾಮಾನ್ಯ ನಿರ್ದೇಶಕನಾಗಿರಲಿಲ್ಲ. ನಾಟಕಶಾಲೆಯಲ್ಲಿ ಹಿಂದಿನ ಸಾಲಿನವನಿಗೂ ಕಾಣಬೇಕೆಂದು ಕೈಯನ್ನು ಬೀಸಿ, ಎದೆಯನ್ನು ಬಡಿದುಕೊಂಡು ಮಾಡುವ ಅಭಿನಯವು, ಕ್ಯಾಮರಾ ಮುಖದ ಬಳಿಗೇ ಬಂದಾಗ ಹಾಸ್ಯಾಸ್ಪದವಾಗುತ್ತದೆಂಬುದನ್ನು ಅವನು ಕಂಡುಕೊಂಡಿದ್ದನು. ತೆರೆಯ ತುಂಬ ಒಂದು ಮುಖವೇ ಇರುವಾಗ ರೆಪ್ಪೆಯ ಒಂದು ಅಲುಗಾಟವೂ ಒಂದು ವಾಕ್ಯವಾಗುತ್ತದೆ. ಚಿತ್ರವನ್ನು ತೆಗೆಯುವುದಕ್ಕೆ ಮುಂಚೆ ದಿನಗಟ್ಟಲೆ ಇಡೀ ಕಥೆಯನ್ನು ಅಭ್ಯಾಸ ಮಾಡಿಸುವುದು ಅವನ ಪದ್ಧತಿ. ಲಿಲಿಯನ್ನಳು ಈ ಪಾಠವನ್ನು ಬೇಗನೆ ಗ್ರಹಿಸಿದಳು. ೧೯೧೩ರ ‘ದಿ ಮದರಿಂಗ್ ಹಾರ್ಟ್’ ಚಿತ್ರದಲ್ಲಿ, ಹತ್ತೊಂಬತ್ತು ವರ್ಷದ ಈ ಹುಡುಗಿಯು ಶಿಶುವನ್ನು ಕಳೆದುಕೊಂಡ ತಾಯಿಯಾಗಿದ್ದಾಳೆ. ಮಗು ಸತ್ತ ಮೇಲೆ ಆಕೆಯು ಗೋಳಾಡುವುದಿಲ್ಲ; ಮಂಕು ಕವಿದವಳಂತೆ ತೋಟಕ್ಕೆ ಹೋಗಿ, ಒಂದು ಕೋಲನ್ನು ಹಿಡಿದು ಹೂಗಿಡಗಳನ್ನು ಒಂದೇ ಸಮನೆ ಬಡಿಯುತ್ತಾಳೆ. ಆ ದುಃಖವನ್ನು ಯಾವ ವಿಲಾಪದ ಮಾತು ತಾನೆ ಅಷ್ಟು ಚೆನ್ನಾಗಿ ಹೇಳೀತು?

೧೯೧೫ರಲ್ಲಿ ಗ್ರಿಫಿತನು ‘ದಿ ಬರ್ತ್ ಆಫ್ ಎ ನೇಷನ್’ ಎಂಬ, ಸುಮಾರು ಮೂರು ಗಂಟೆಗಳ ಕಾಲದ ಮಹಾಚಿತ್ರವನ್ನು ಹೊರತಂದನು. ನಾಯಿಕೆಯ ಪಾತ್ರವು ಲಿಲಿಯನ್ನಳದು. ಜನರು ಮುಗಿಬಿದ್ದು ನೋಡಿದರು. ಚಿತ್ರಕಲೆಯ ತಂತ್ರದಲ್ಲಿ ಅದು ಒಂದು ಮೈಲಿಗಲ್ಲಾಯಿತು. ಆದರೆ ಅದು ಹೇಳಿದ ಕಥೆಯೋ ಘೋರವಾದುದು. ಅಮೆರಿಕಾದ ಅಂತರ್ಯುದ್ಧದ ತರುವಾಯ ದಾಸ್ಯದಿಂದ ಬಿಡುಗಡೆ ಹೊಂದಿದ ಕರಿಯ ಜನರನ್ನು ದುಷ್ಟರನ್ನಾಗಿಯೂ, ಅವರನ್ನು ಹಿಂಸಿಸಿ ಕೊಲ್ಲುತ್ತಿದ್ದ ಕೂ ಕ್ಲಕ್ಸ್ ಕ್ಲಾನ್ ಎಂಬ ಮುಸುಕುಧಾರಿಗಳ ಗುಂಪನ್ನು ವೀರರನ್ನಾಗಿಯೂ ಅದರಲ್ಲಿ ಚಿತ್ರಿಸಲಾಗಿತ್ತು. ಕರಿಯರ ಹಕ್ಕುಗಳಿಗಾಗಿ ಸ್ಥಾಪಿತವಾಗಿದ್ದ ರಾಷ್ಟ್ರೀಯ ಸಂಘವು ಊರೂರುಗಳಲ್ಲಿ ಪ್ರತಿಭಟಿಸಿತು. ಅಷ್ಟಾದರೂ ಅದೇ ವರ್ಷದ ಕೊನೆಗೆ, ಅಳಿದುಹೋಗಿದ್ದ ಆ ಗುಂಪು ಜಾರ್ಜಿಯಾ ಪ್ರಾಂತದಲ್ಲಿ ಮತ್ತೆ ತಲೆಯೆತ್ತಿತು. ಚಿತ್ರದ ಪ್ರಭಾವವೂ ಅದಕ್ಕೆ ಒಂದು ಕಾರಣವೆಂದು ಚರಿತ್ರಕಾರರು ಹೇಳುತ್ತಾರೆ. ಲಿಲಿಯನ್ನಳ ಜೀವನದ ಮೇಲೆ ಈ ಚಿತ್ರವು ಚೆಲ್ಲಿದ ನೆರಳಿನ ವಿಷಯವನ್ನು ನಾವು ಲೇಖನದ ಕೊನೆಯಲ್ಲಿ ಮತ್ತೆ ಎತ್ತಿಕೊಳ್ಳುವೆವು.

ಮರುವರ್ಷ ಬಂದ ‘ಇಂಟಾಲರೆನ್ಸ್’ ಎಂಬ ಚಿತ್ರದಲ್ಲಿ ಆಕೆಯದು ಯುಗಯುಗಗಳ ಕಥೆಗಳ ನಡುವೆ ತೊಟ್ಟಿಲನ್ನು ತೂಗುತ್ತ ಕುಳಿತ ತಾಯಿಯ ಪಾತ್ರ. ಅನಂತರ ೧೯೧೯ರಲ್ಲಿ ‘ಬ್ರೋಕನ್ ಬ್ಲಾಸಮ್ಸ್’ ಬಂದಿತು. ಲಂಡನ್ ನಗರದ ಬಡ ಕೇರಿಯೊಂದರಲ್ಲಿ ಕುಡುಕನಾದ ಮುಷ್ಟಿಮಲ್ಲನೊಬ್ಬನು ತನ್ನ ಮಗಳನ್ನು ದಿನವೂ ಹೊಡೆಯುತ್ತಾನೆ. ಚೀನಾ ದೇಶದ ಒಬ್ಬ ಸಾಧು ವ್ಯಾಪಾರಿಯು ಆ ಹುಡುಗಿಗೆ ಆಶ್ರಯ ಕೊಡುತ್ತಾನೆ. ಆ ಚೀನೀಯನ ಪಾತ್ರವನ್ನು ಬಿಳಿಯ ನಟನೇ ವಹಿಸಿದ್ದು ಆ ಕಾಲದ ರೂಢಿ. ಲಿಲಿಯನ್ನಳಿಗೆ ಆಗ ಇಪ್ಪತ್ತೈದು ವರ್ಷ. ಲೋಕವನ್ನೆಲ್ಲ ನಡುಗಿಸಿದ ೧೯೧೮ರ ಇನ್‌ಫ್ಲುಯೆಂಜಾ ಜ್ವರದಿಂದ ಆಗತಾನೆ ಎದ್ದಿದ್ದಳು. ಇನ್ನೂ ಹದಿಹರೆಯದ ಹುಡುಗಿಯ ಪಾತ್ರವನ್ನು ತಾನು ಮಾಡಲಾರೆನೆಂದು ಮೊದಲು ಹಿಂಜರಿದಳು. ಆದರೆ ಆ ಪಾತ್ರವೇ ಆಕೆಯ ಹೆಸರನ್ನು ಚಿರಸ್ಥಾಯಿಯಾಗಿ ಮಾಡಿತು.

ಈ ಚಿತ್ರವನ್ನು ನಾವು ಈಚೆಗೆ ನೋಡಿದೆವು. ನಗುವೆಂಬುದನ್ನೇ ಅರಿಯದ ಆ ಹುಡುಗಿಯನ್ನು ತಂದೆಯು ‘ನಗು’ ಎಂದು ಗದರಿಸುತ್ತಾನೆ. ಆಗ ಆಕೆಯು ಎರಡು ಬೆರಳುಗಳಿಂದ ತುಟಿಯ ಎರಡು ಕೊನೆಗಳನ್ನೂ ಮೇಲಕ್ಕೆ ತಳ್ಳಿ ನಗುವನ್ನು ಮಾಡಿಕೊಳ್ಳುತ್ತಾಳೆ. ಕಣ್ಣುಗಳಲ್ಲಿ ಮಾತ್ರ ಹೆದರಿಕೆಯು ಹಾಗೆಯೇ ಇರುತ್ತದೆ. ಈ ಹಸ್ತವನ್ನು ಯಾವ ಶಾಸ್ತ್ರಕಾರನೂ ಹೇಳಿಕೊಟ್ಟಿಲ್ಲ. ಅಭ್ಯಾಸದ ವೇಳೆಯಲ್ಲಿ ಲಿಲಿಯನ್ನಳಿಗೇ ಹೊಳೆದದ್ದು. ಇನ್ನೊಂದೆಡೆ, ಕೊಡಲಿಯಿಂದ ಬಾಗಿಲನ್ನು ಒಡೆಯುತ್ತಿರುವ ತಂದೆಗೆ ಹೆದರಿ ಆಕೆಯು ಸಣ್ಣ ಗೂಡಿನಂಥ ಕೋಣೆಯೊಳಗೆ ಸಿಕ್ಕಿ, ಬೋನಿಗೆ ಬಿದ್ದ ಪ್ರಾಣಿಯಂತೆ ಸುತ್ತುತ್ತಾಳೆ. ಅದನ್ನು ತೆಗೆಯುವಾಗ ಆಕೆಯ ಚೀತ್ಕಾರವನ್ನು ಕೇಳಿ ದಾರಿಹೋಕರು ಸ್ಟುಡಿಯೋದ ಬಳಿ ಗುಂಪುಗೂಡಿದರಂತೆ. ನೋಡುವವರಿಗೆ ಕೇಳಿಸದ ಚೀತ್ಕಾರವದು. ಆದರೂ ನಮ್ಮ ಮನೆಯ ಕೋಣೆಯಲ್ಲಿ ಕುಳಿತು ನೋಡುತ್ತಿದ್ದಾಗ ಅದು ಕೇಳಿಸಿದಂತೆಯೇ ಆಯಿತು. ತಂದೆಯ ಕುಡಿತದಿಂದ ಮನೆ ಮುರಿದದ್ದನ್ನು ಬಾಲ್ಯದಲ್ಲಿಯೇ ಕಂಡವಳು ಆಕೆ ಎಂಬುದನ್ನು ಇಲ್ಲಿ ಸಹೃದಯರು ಮರೆಯಲಾರರು.

ಕೆಲಸಕ್ಕಾಗಿ ದೇಹವನ್ನು ಎಷ್ಟರಮಟ್ಟಿಗೆ ದಂಡಿಸಿದಳೆಂಬುದಕ್ಕೆ ೧೯೨೦ರ ‘ವೇ ಡೌನ್ ಈಸ್ಟ್’ ಸಾಕ್ಷಿ. ಸುಳ್ಳು ಮದುವೆಯಿಂದ ಮೋಸಹೋದ ಹಳ್ಳಿಯ ಹುಡುಗಿಯೊಬ್ಬಳು ಶಿಶುವನ್ನು ಹೆತ್ತು ಕಳೆದುಕೊಂಡು, ಕಡೆಗೆ ಆಶ್ರಯವಿತ್ತ ಮನೆಯಿಂದಲೂ ಹಿಮದ ಬಿರುಗಾಳಿಗೆ ದೂಡಲ್ಪಡುತ್ತಾಳೆ. ಆ ಬಿರುಗಾಳಿಯನ್ನು ಸ್ಟುಡಿಯೋದಲ್ಲಿ ಹುಟ್ಟಿಸಲಿಲ್ಲ. ನ್ಯೂಯಾರ್ಕಿನ ಬಳಿಯ ಮಾಮರೊನೆಕ್ ಎಂಬಲ್ಲಿ ನಿಜವಾದ ಹಿಮಮಾರುತವು ಬೀಸಿದಾಗ ಚಿತ್ರವನ್ನು ತೆಗೆದರು. ಆಕೆಯ ರೆಪ್ಪೆಗೂದಲುಗಳ ಮೇಲೆ ಮಂಜುಗಡ್ಡೆ ಹೆಪ್ಪುಗಟ್ಟಿತ್ತು. ಗ್ರಿಫಿತನು ಆ ಮುಖವನ್ನೇ ತೆಗೆಯಿರೆಂದು ಕ್ಯಾಮರಾದವನಿಗೆ ಕೂಗಿ ಹೇಳಿದನಂತೆ. ಅನಂತರ ವರ್ಮಾಂಟ್ ಪ್ರಾಂತದ ವೈಟ್ ರಿವರ್ ಜಂಕ್ಷನ್ನಿನಲ್ಲಿ, ಹೊಳೆಯ ಮೇಲೆ ತೇಲುವ ಹಿಮಗಡ್ಡೆಯೊಂದರ ಮೇಲೆ ಆಕೆಯು ಮೂರ್ಛೆ ಹೋದವಳಂತೆ ಮಲಗಬೇಕಾಯಿತು. ಒಂದು ಕೈಯೂ ಕೂದಲೂ ಹೊಳೆಯ ನೀರಿನಲ್ಲಿ ಇಳಿಬಿದ್ದಿದ್ದರೆ ಚೆನ್ನೆಂದು ಸೂಚಿಸಿದವಳು ಆಕೆಯೇ. ದಿನಕ್ಕೆ ಹಲವು ಬಾರಿಯಂತೆ ಅನೇಕ ದಿನ ಹೀಗೆ ಮಲಗಿದ ಫಲವಾಗಿ ಆ ಕೈಯ ಬೆರಳುಗಳ ನೋವು ಜೀವಮಾನವಿಡೀ ಉಳಿಯಿತು. ತೆರೆಯ ಮೇಲೆ ಆ ದೃಶ್ಯವು ಕೆಲವೇ ನಿಮಿಷಗಳದು.

ಅದೇ ೧೯೨೦ರಲ್ಲಿ ಆಕೆಯು ತಂಗಿ ಡಾರೊತಿಯನ್ನು ನಾಯಿಕೆಯನ್ನಾಗಿ ಮಾಡಿ ‘ರೀಮಾಡೆಲಿಂಗ್ ಹರ್ ಹಸ್ಬೆಂಡ್’ ಎಂಬ ಚಿತ್ರವನ್ನು ತಾನೇ ನಿರ್ದೇಶಿಸಿದಳು. ಡಾರೊತಿಯು ಸ್ವಭಾವದಲ್ಲಿ ಅಕ್ಕನಿಗೆ ವಿರುದ್ಧ. ಅಕ್ಕ ಗಂಭೀರೆ, ತಂಗಿ ವಿನೋದಶೀಲೆ. ಹಾಸ್ಯದಲ್ಲಿ ತನಗಿಂತ ತಂಗಿಯೇ ಮೇಲೆಂದು ಲಿಲಿಯನ್ನಳು ಕಡೆಯವರೆಗೂ ಹೇಳುತ್ತಿದ್ದಳು. ೧೯೨೧ರಲ್ಲಿ ಇಬ್ಬರೂ ‘ಆರ್ಫನ್ಸ್ ಆಫ್ ದಿ ಸ್ಟಾರ್ಮ್’ ಚಿತ್ರದಲ್ಲಿ ಕೂಡಿ ಅಭಿನಯಿಸಿದರು. ಫ್ರಾನ್ಸಿನ ಮಹಾಕ್ರಾಂತಿಯ ಕೋಲಾಹಲದಲ್ಲಿ ಕುರುಡು ತಂಗಿಯ ಕೈಹಿಡಿದು ನಡೆಸಿ, ಅಗಲಿದ ಮೇಲೆ ಅವಳನ್ನು ಹುಡುಕುತ್ತ ಅಲೆಯುವ ಅಕ್ಕನ ಪಾತ್ರ ಲಿಲಿಯನ್ನಳದು. ಅಲ್ಲಿಗೆ ಗ್ರಿಫಿತನ ಸಂಗಡ ಆಕೆಯ ಕೆಲಸವು ಮುಗಿಯಿತು. ‘ನಿನ್ನ ಯೋಗ್ಯತೆಗೆ ತಕ್ಕ ಸಂಬಳವನ್ನು ನಾನು ಕೊಡಲಾರೆ, ನೀನು ಬೇರೆ ದಾರಿಯನ್ನು ನೋಡಿಕೊ’ ಎಂಬ ಅಭಿಪ್ರಾಯದ ಮಾತುಗಳಿಂದ ಗುರುವೇ ಶಿಷ್ಯೆಯನ್ನು ಕಳುಹಿಸಿಕೊಟ್ಟನೆಂದು ತಿಳಿದುಬರುತ್ತದೆ.

ತರುವಾಯ ಆಕೆಯು ಇಟಲಿ ದೇಶಕ್ಕೆ ಹೋಗಿ ‘ದಿ ವೈಟ್ ಸಿಸ್ಟರ್’, ‘ರೊಮೊಲಾ’ ಎಂಬ ಎರಡು ಚಿತ್ರಗಳಲ್ಲಿ ಅಭಿನಯಿಸಿ ಬಂದು, ೧೯೨೫ರಲ್ಲಿ ಮೆಟ್ರೊ-ಗೋಲ್ಡ್‌ವಿನ್-ಮೇಯರ್ ಎಂಬ ದೊಡ್ಡ ಸಂಸ್ಥೆಯನ್ನು ಸೇರಿದಳು. ಕಥೆಯನ್ನೂ ನಿರ್ದೇಶಕನನ್ನೂ ಆರಿಸುವ ಅಧಿಕಾರವು ಒಬ್ಬ ನಟಿಗೆ ದೊರೆತದ್ದು ಆ ಕಾಲಕ್ಕೆ ಸಣ್ಣ ಸಂಗತಿಯಲ್ಲ. ೧೯೨೬ರ ‘ಲಾ ಬೊಎಮ್’ ಚಿತ್ರದಲ್ಲಿ ಕ್ಷಯರೋಗದಿಂದ ಸಾಯುವ ಹುಡುಗಿಯ ಪಾತ್ರಕ್ಕಾಗಿ ಆಸ್ಪತ್ರೆಗೆ ಹೋಗಿ ರೋಗಿಗಳ ಉಸಿರಾಟವನ್ನು ಗಮನಿಸಿದಳು. ತುಟಿಗಳು ಒಣಗಬೇಕೆಂದು ಮೂರು ದಿನ ನೀರನ್ನೂ ಕುಡಿಯಲಿಲ್ಲ. ಮರಣದ ದೃಶ್ಯವನ್ನು ತೆಗೆಯುತ್ತಿದ್ದಾಗ ಉಸಿರಾಟವೇ ಕಾಣದೆ ಹೋದುದರಿಂದ, ನಿರ್ದೇಶಕ ಕಿಂಗ್ ವೀಡರನು ಈಕೆಯು ನಿಜವಾಗಿಯೂ ಸತ್ತಳೆಂದು ಗಾಬರಿಗೊಂಡನು.

ಕೆಲಸದಲ್ಲಿ ಇಷ್ಟು ಮುಳುಗಿದ್ದವಳು ಮನೆಯನ್ನು ಮರೆತಳೆಂದು ವಾಚಕರು ತಿಳಿಯಬಾರದು. ಅದೇ ವರ್ಷ, ‘ದಿ ಸ್ಕಾರ್ಲೆಟ್ ಲೆಟರ್’ ಚಿತ್ರವು ಮುಗಿಯುತ್ತ ಬಂದಿದ್ದಾಗ, ಲಂಡನ್ನಿನಲ್ಲಿದ್ದ ತಾಯಿಗೆ ಲಕ್ವ ಹೊಡೆದ ಸುದ್ದಿ ಬಂದಿತು. ಲಿಲಿಯನ್ನಳೂ ಸಂಗಡಿಗರೂ ಹಗಲಿರುಳೆನ್ನದೆ ದುಡಿದು ಉಳಿದ ಕೆಲಸವನ್ನು ಮೂರು ದಿನಗಳಲ್ಲಿ ಮುಗಿಸಿದರು. ಆಕೆಯು ಕೂಡಲೇ ರೈಲು ಹತ್ತಿ, ಸಮುದ್ರವನ್ನು ದಾಟಿ ತಾಯಿಯ ಹಾಸಿಗೆಯ ಬಳಿಗೆ ಹೋದಳು. ೧೯೪೮ರಲ್ಲಿ ತಾಯಿಯು ತೀರಿಕೊಳ್ಳುವವರೆಗೂ ಆಕೆಯ ಶುಶ್ರೂಷೆಯು ಹೆಣ್ಣುಮಕ್ಕಳಿಬ್ಬರಿಗೂ ಮೊದಲನೆಯ ಕರ್ತವ್ಯವಾಗಿತ್ತು. ಲಿಲಿಯನ್ನಳು ಮದುವೆಯಾಗಲೇ ಇಲ್ಲ.

ಮೂಕಚಿತ್ರಗಳಲ್ಲಿ ಆಕೆಯ ಕಡೆಯ ಮಹಾಕೃತಿ ೧೯೨೮ರ ‘ದಿ ವಿಂಡ್’. ಕಾದಂಬರಿಯನ್ನು ಓದಿ ಮೆಚ್ಚಿ, ಇದನ್ನು ಚಿತ್ರ ಮಾಡಬೇಕೆಂದು ಹೊರಟವಳು ಆಕೆಯೇ. ಹಸುರಿನ ನಾಡಿನಿಂದ ಟೆಕ್ಸಾಸಿನ ಬಯಲಿಗೆ ಬಂದ ಹೆಣ್ಣೊಬ್ಬಳು ನಿಲ್ಲದೆ ಬೀಸುವ ಮರಳುಗಾಳಿಯಿಂದ ಚಿತ್ತಭ್ರಮೆಗೆ ಒಳಗಾಗುವ ಕಥೆಯದು. ಮೊಹಾವೆ ಮರುಭೂಮಿಯಲ್ಲಿ, ಫ್ಯಾರನ್‌ಹೀಟ್ ಮಾನದಿಂದ ೧೨೦ ಡಿಗ್ರಿಯ ಸೆಕೆಯಲ್ಲಿ ಚಿತ್ರವನ್ನು ತೆಗೆದರು. ವಿಮಾನದ ಎಂಟು ಪಂಖಗಳನ್ನು ತಿರುಗಿಸಿ ಮರಳನ್ನೂ ಮರದ ಹೊಟ್ಟನ್ನೂ ಆಕೆಯ ಮುಖಕ್ಕೆ ತೂರುತ್ತಿದ್ದರು. ಬಿಸಿಲಿನಲ್ಲಿ ಕಾದ ಬಾಗಿಲಿನ ಹಿಡಿಯನ್ನು ಮುಟ್ಟಿ ಅಂಗೈ ಸುಟ್ಟಿತು. ಕಾಣದ ಗಾಳಿಯನ್ನು, ಕೇಳದ ಅದರ ಮೊರೆತವನ್ನು, ಒಬ್ಬ ಸ್ತ್ರೀಯ ಕಣ್ಣುಗಳ ಮೂಲಕವೇ ನಾವು ಅನುಭವಿಸುತ್ತೇವೆ. ವಾಚಿಕವಿಲ್ಲದ ಅಭಿನಯವು ಇದಕ್ಕಿಂತ ಮುಂದೆ ಹೋಗಲಾರದೆಂದು ನಮಗೆ ತೋರಿತು.

ಆದರೆ ಕಾಲವು ತಿರುಗಿಬಿದ್ದಿತ್ತು. ೧೯೨೭ರಲ್ಲಿ ‘ದಿ ಜಾಝ್ ಸಿಂಗರ್’ ಎಂಬ ಚಿತ್ರದಲ್ಲಿ ನಟನು ಬಾಯಿಬಿಟ್ಟು ಮಾತನಾಡಿ ಹಾಡಿದ ಮೇಲೆ ಜನರಿಗೆ ಮಾತಿಲ್ಲದ ಚಿತ್ರವು ಬೇಡವಾಯಿತು. ಸಂಸ್ಥೆಯವರಿಗೂ ಈಕೆಯ ಸಾತ್ತ್ವಿಕ ರೀತಿಯು ಹಳೆಯದೆನಿಸಿತು. ಜನರ ಕುತೂಹಲವನ್ನು ಕೆರಳಿಸಲು ಈಕೆಯ ಹೆಸರಿಗೆ ಏನಾದರೊಂದು ಅಪವಾದವನ್ನು ತಾವೇ ಹುಟ್ಟಿಸೋಣವೆಂದು ಅವರು ಸೂಚಿಸಿದರೆಂದೂ, ತಾನು ಒಪ್ಪಲಿಲ್ಲವೆಂದೂ ಆಕೆಯು ಮುಂದೆ ಹೇಳಿಕೊಂಡಿದ್ದಾಳೆ. ‘ದಿ ವಿಂಡ್’ ಚಿತ್ರಕ್ಕೆ ಹಣ ಬರಲಿಲ್ಲ. ೧೯೩೦ರಲ್ಲಿ ಆಕೆಯ ಮೊದಲ ವಾಕ್ಚಿತ್ರವು ಬಂದಿತಾದರೂ ಹೆಸರಾಗಲಿಲ್ಲ. ನಮ್ಮ ಕನ್ನಡದ ಮೊದಲ ವಾಕ್ಚಿತ್ರವಾದ ‘ಸತಿ ಸುಲೋಚನಾ’ ತೆರೆಕಂಡ ೧೯೩೪ರ ಹೊತ್ತಿಗೆ, ಅಮೆರಿಕಾದ ಚಿತ್ರಲೋಕವು ಲಿಲಿಯನ್ನಳನ್ನು ಬಹುಮಟ್ಟಿಗೆ ಮರೆತಿತ್ತು.

ಜೀವಮಾನವನ್ನೇ ಧಾರೆಯೆರೆದು ಕಲಿತ ವಿದ್ಯೆಯು ನಲವತ್ತು ವರ್ಷ ತುಂಬುವುದರೊಳಗೆ ಲೋಕಕ್ಕೆ ಬೇಡವಾದರೆ ಮನುಷ್ಯನು ಏನು ಮಾಡಬೇಕು? ಹಲವರು ಮುರಿದುಬಿದ್ದರು. ಲಿಲಿಯನ್ನಳು ತಾನು ಹೊರಟ ಸ್ಥಳಕ್ಕೇ, ಎಂದರೆ ನಾಟಕರಂಗಕ್ಕೆ, ಹಿಂದಿರುಗಿದಳು. ೧೯೩೦ರಲ್ಲಿ ನ್ಯೂಯಾರ್ಕಿನಲ್ಲಿ ಚೆಕಾಫನ ‘ಅಂಕಲ್ ವಾನ್ಯಾ’ ನಾಟಕದಲ್ಲಿ ಅಭಿನಯಿಸಿ ಹೆಸರು ಪಡೆದಳು. ೧೯೩೬ರಲ್ಲಿ ಜಾನ್ ಗೀಲ್‌ಗುಡ್‌ನ ಹ್ಯಾಮ್ಲೆಟ್ಟಿಗೆ ಒಫೀಲಿಯಾ ಆದಳು. ಚಿತ್ರರಂಗವು ಮತ್ತೆ ಕರೆದಾಗ ನಾಯಿಕೆಯ ಪಾತ್ರವೇ ಬೇಕೆಂದು ಹಟಹಿಡಿಯಲಿಲ್ಲ. ೧೯೫೫ರ ‘ದಿ ನೈಟ್ ಆಫ್ ದಿ ಹಂಟರ್’ ಚಿತ್ರದಲ್ಲಿ, ಕೊಲೆಗಡುಕನಿಂದ ಅನಾಥ ಮಕ್ಕಳನ್ನು ಕಾಪಾಡಲು ಬಂದೂಕನ್ನು ಮಡಿಲಲ್ಲಿಟ್ಟುಕೊಂಡು ರಾತ್ರಿಯಿಡೀ ಕಾವಲು ಕುಳಿತ ಮುದುಕಿಯಾಗಿ ಬಂದಳು. ಆ ಪಾತ್ರವನ್ನು ಕಂಡವರು ಮರೆಯುವುದು ಕಷ್ಟ.

ಇದಕ್ಕಿಂತಲೂ ದೊಡ್ಡದು ಆಕೆಯು ಹಳೆಯ ಚಿತ್ರಗಳ ಉಳಿವಿಗಾಗಿ ಪಟ್ಟ ಶ್ರಮ. ಆಗಿನ ಫಿಲ್ಮು ನೈಟ್ರೇಟ್ ಎಂಬ ಪದಾರ್ಥದಿಂದಾದುದು. ಬೇಗನೆ ಬೆಂಕಿ ಹತ್ತುತ್ತದೆ, ಇಲ್ಲವೆ ಕೊಳೆತು ಪುಡಿಯಾಗುತ್ತದೆ. ಮೂಕಚಿತ್ರಗಳಿಗೆ ಬೆಲೆ ಹೋದ ಮೇಲೆ ಅವುಗಳಲ್ಲಿನ ಬೆಳ್ಳಿಯ ಅಂಶಕ್ಕಾಗಿ ಕರಗಿಸಿದವರೂ ಉಂಟು. ಅಮೆರಿಕಾದಲ್ಲಿ ತಯಾರಾದ ಪೂರ್ಣಪ್ರಮಾಣದ ಮೂಕಚಿತ್ರಗಳಲ್ಲಿ ನೂರಕ್ಕೆ ಸುಮಾರು ಎಪ್ಪತ್ತು ಸಂಪೂರ್ಣವಾಗಿ ನಷ್ಟವಾಗಿವೆಯೆಂದು ಆ ದೇಶದ ಕಾಂಗ್ರೆಸ್ ಗ್ರಂಥಾಲಯವು ೨೦೧೩ರಲ್ಲಿ ಪ್ರಕಟಿಸಿತು. ಲಿಲಿಯನ್ನಳು ತಾನೇ ನಿರ್ದೇಶಿಸಿದ ಚಿತ್ರವೂ ಈಗ ಎಲ್ಲಿಯೂ ಇಲ್ಲ. ಕೀಟಗಳ ಬಾಯಿಗೆ ಬಿದ್ದ ತಾಳೆಯೋಲೆಯ ಗ್ರಂಥಗಳನ್ನು ಕಂಡ ನಮ್ಮಂಥವರಿಗೆ ಈ ನಷ್ಟದ ಬೆಲೆಯನ್ನು ವಿವರಿಸಿ ಹೇಳಬೇಕಾಗಿಲ್ಲ. ಎಪ್ಪತ್ತೈದರ ವಯಸ್ಸಿನಲ್ಲಿ ಆಕೆಯು ಊರೂರು ಸುತ್ತಿ, ಮೂಕಚಿತ್ರಗಳ ತುಣುಕುಗಳನ್ನು ತೋರಿಸುತ್ತ, ಅವುಗಳನ್ನು ಉಳಿಸಿಕೊಳ್ಳಿರೆಂದು ಉಪನ್ಯಾಸಗಳನ್ನು ಮಾಡತೊಡಗಿದಳು. ೧೯೭೧ರಲ್ಲಿ ಗೌರವ ಆಸ್ಕರ್ ಪ್ರಶಸ್ತಿಯು ಆಕೆಗೆ ಸಂದಿತು.

ಇನ್ನು ಗುರುನಿಷ್ಠೆಯ ವಿಷಯ. ಆಕೆಯು ಗ್ರಿಫಿತನನ್ನು ಕಡೆಯವರೆಗೂ ‘ಮಿಸ್ಟರ್ ಗ್ರಿಫಿತ್’ ಎಂದಲ್ಲದೆ ಕರೆಯಲಿಲ್ಲ. ೧೯೬೯ರಲ್ಲಿ ಪ್ರಕಟವಾದ ಆತ್ಮಕಥೆಯ ಹೆಸರಿನಲ್ಲಿಯೂ ಆ ಗೌರವದ ಸಂಬೋಧನೆಯೇ ಇದೆ. ಕೆಲಸವಿಲ್ಲದೆ, ಕೇಳುವವರಿಲ್ಲದೆ ಆತನು ೧೯೪೮ರ ಜುಲೈಯಲ್ಲಿ ತೀರಿಕೊಂಡ ಮೇಲೆ, ಆತನ ಹೆಸರನ್ನು ಉಳಿಸುವುದಕ್ಕೆ ಆಕೆಯಷ್ಟು ದುಡಿದವರು ಮತ್ತೊಬ್ಬರಿಲ್ಲ. ಇದು ಶ್ಲಾಘ್ಯವೇ. ಆದರೆ ‘ದಿ ಬರ್ತ್ ಆಫ್ ಎ ನೇಷನ್’ ಚಿತ್ರದ ಮಾತು ಬಂದಾಗಲೂ ಆಕೆಯು ಗುರುವನ್ನು ಸಮರ್ಥಿಸಿಯೇ ಮಾತನಾಡಿದಳು; ಆ ಚಿತ್ರದಿಂದ ನೊಂದ ಜನರ ಪರವಾಗಿ ನಿಂತು, ಅದು ತಪ್ಪಾಯಿತೆಂದು ಹೇಳಲಿಲ್ಲ. ಇದರ ಫಲವು ಆಕೆಯು ಸತ್ತ ಮೇಲೂ ಬೆನ್ನುಹತ್ತಿತು. ಓಹಾಯೋದ ಬೌಲಿಂಗ್ ಗ್ರೀನ್ ವಿಶ್ವವಿದ್ಯಾನಿಲಯವು ೧೯೭೬ರಲ್ಲಿ ತನ್ನ ಚಿತ್ರಮಂದಿರಕ್ಕೆ ಗಿಶ್ ಸೋದರಿಯರ ಹೆಸರನ್ನಿಟ್ಟಿತ್ತು. ಕರಿಯ ವಿದ್ಯಾರ್ಥಿಗಳು ಆಕ್ಷೇಪಿಸಿದುದರಿಂದ ೨೦೧೯ರಲ್ಲಿ ಅದನ್ನು ತೆಗೆದುಹಾಕಲಾಯಿತು. ಹೀಗೆ ಮಾಡಿದುದು ಅನ್ಯಾಯವೆಂದು ಹಲವು ಪ್ರಸಿದ್ಧ ಕಲಾವಿದರು ಬಹಿರಂಗ ಪತ್ರವನ್ನು ಬರೆದರು.

ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಮಕ್ಕಳಿಗೆ ಪಾಠ ಹೇಳಿದ ನಮಗೆ ಈ ವಿವಾದವನ್ನು ಓದಿ ಮನಸ್ಸು ಕಲಕಿತು. ಆಕೆಯ ಎಪ್ಪತ್ತೈದು ವರ್ಷಗಳ ದುಡಿಮೆಯನ್ನು ಒಂದು ಚಿತ್ರದಿಂದಲೇ ಅಳೆಯುವುದು ಸರಿಯಲ್ಲ. ಹಾಗೆಂದು, ತಮ್ಮ ಹಿರಿಯರನ್ನು ಕೊಂದವರನ್ನು ವೀರರೆಂದು ತೋರಿಸಿದ ಚಿತ್ರದ ನಾಯಿಕೆಯ ಹೆಸರಿನ ಕೆಳಗೆ ದಿನವೂ ಹಾದುಹೋಗಬೇಕಾದ ಮಕ್ಕಳ ನೋವನ್ನು ಅಲ್ಲಗಳೆಯುವುದೂ ಸರಿಯಲ್ಲ. ತೈತ್ತಿರೀಯೋಪನಿಷತ್ತಿನ ಶಿಕ್ಷಾವಲ್ಲಿಯಲ್ಲಿ ಆಚಾರ್ಯನು ಮನೆಗೆ ಹೊರಟ ಶಿಷ್ಯನಿಗೆ, ತನ್ನಲ್ಲಿರುವ ಒಳ್ಳೆಯ ನಡತೆಯನ್ನು ಮಾತ್ರ ಅನುಸರಿಸಬೇಕೆಂದೂ ಉಳಿದುದನ್ನು ಬಿಡಬೇಕೆಂದೂ ತಾನೇ ತಿಳಿಸುತ್ತಾನೆ. ಗುರುವಿನ ತಪ್ಪನ್ನು ತಪ್ಪೆನ್ನುವುದು ಗುರುದ್ರೋಹವಲ್ಲ. ಅದಕ್ಕೆ ಗುರುವಿನ ಅಪ್ಪಣೆಯೇ ಇದೆ. ಒಂದು ಚೀತ್ಕಾರವನ್ನು ಶಬ್ದವಿಲ್ಲದೆ ಕೇಳಿಸಬಲ್ಲವಳಾಗಿದ್ದ ಲಿಲಿಯನ್ನಳು, ಮಾತನಾಡಬೇಕಾಗಿದ್ದ ಈ ಒಂದು ಸ್ಥಳದಲ್ಲಿ ಆ ಮಾತನ್ನು ಆಡದೆ ಹೋದಳು. ಆಕೆಯಲ್ಲಿ ನಮಗಿರುವ ಗೌರವವು ಇದರಿಂದ ಕುಂದಲಿಲ್ಲ. ಆದರೆ ನಮ್ಮ ಮಕ್ಕಳಿಗೆ ಆಕೆಯ ಕಥೆಯನ್ನು ಹೇಳುವಾಗ ಇದನ್ನು ಬಿಟ್ಟು ಹೇಳಲಾರೆವು.

ತಂಗಿ ಡಾರೊತಿಯು ೧೯೬೮ರಲ್ಲಿಯೇ ತೀರಿಕೊಂಡಿದ್ದಳು. ಲಿಲಿಯನ್ನಳ ಕಡೆಯ ಚಿತ್ರವಾದ ‘ದಿ ವೇಲ್ಸ್ ಆಫ್ ಆಗಸ್ಟ್’ ೧೯೮೭ರಲ್ಲಿ ತೆರೆಕಂಡಿತು. ತೊಂಬತ್ತು ದಾಟಿದ ಆ ವಯಸ್ಸಿನಲ್ಲಿ ಮೇಯ್ನ್ ಪ್ರಾಂತದ ಒಂದು ದ್ವೀಪಕ್ಕೆ ಹೋಗಿ ಅಭಿನಯಿಸಿದ್ದಳು. ಕಡಲಿನ ದಡದ ಹಳೆಯ ಮನೆಯಲ್ಲಿ ಇಬ್ಬರು ವೃದ್ಧ ಸೋದರಿಯರು. ಒಬ್ಬಳಿಗೆ ಕಣ್ಣು ಕಾಣದು. ಬೆಟ್ಟಿ ಡೇವಿಸಳು ವಹಿಸಿದ ಆ ಕುರುಡಿಯ ತಲೆಯನ್ನು ಬಾಚಿ, ಕೈಹಿಡಿದು ನಡೆಸುವವಳು ಲಿಲಿಯನ್. ಅರವತ್ತಾರು ವರ್ಷಗಳ ಹಿಂದೆ ಕ್ರಾಂತಿಯ ಪ್ಯಾರಿಸ್ಸಿನಲ್ಲಿ ಕುರುಡು ತಂಗಿಯ ಕೈಹಿಡಿದಿದ್ದ ಅದೇ ಕೈ ಅದು. ವರ್ಮಾಂಟಿನ ಹಿಮದ ಹೊಳೆಯಲ್ಲಿ ಇಳಿಬಿದ್ದು ನೊಂದಿದ್ದ ಕೈಯೂ ಅದೇ.

೧೯೯೩ರ ಫೆಬ್ರವರಿ ೨೭ರಂದು ನ್ಯೂಯಾರ್ಕಿನ ತನ್ನ ಮನೆಯಲ್ಲಿ, ನಿದ್ರೆಯಲ್ಲಿಯೇ ಲಿಲಿಯನ್ನಳು ಶಾಂತವಾಗಿ ಕಣ್ಣು ಮುಚ್ಚಿದಳು. ಆಗ ಆಕೆಗೆ ತೊಂಬತ್ತೊಂಬತ್ತು ವರ್ಷ. ಕೂಡಿಟ್ಟ ಹಣದಿಂದ ತಂಗಿಯ ಹೆಸರನ್ನೂ ತನ್ನ ಹೆಸರನ್ನೂ ಜೊತೆಗಿಟ್ಟು ಕಲಾವಿದರಿಗೆ ಒಂದು ಬಹುಮಾನವನ್ನು ಏರ್ಪಡಿಸಿದ್ದಳು; ೧೯೯೪ರಿಂದ ಅದನ್ನು ಕೊಡತೊಡಗಿದರು. ಬಾಲ್ಯದಲ್ಲಿ ಕೆಲಸಕ್ಕಾಗಿ ಒಬ್ಬರನ್ನೊಬ್ಬರು ಅಗಲಿ ಊರೂರು ಅಲೆದ ಆ ತಾಯಿಯೂ ಇಬ್ಬರು ಮಕ್ಕಳೂ ಈಗ ನ್ಯೂಯಾರ್ಕಿನ ಒಂದೇ ಚರ್ಚಿನಲ್ಲಿ ಒಂದೆಡೆ ವಿಶ್ರಮಿಸಿದ್ದಾರೆ.